ಜಾಲಿ

ಜಾಲಿ ಅಥವಾ ಕರಿಜಾಲಿ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಮುಳ್ಳುಮರ. ವೈಜ್ಞಾನಿಕ ಹೆಸರು ವ್ಯಾಚೆಲ್ಲಿಯ ನಿಲೋಟಿಕ. ಬೆಳಗಾವಿ ಸೀಮೆಯ ಅಥಣಿ, ಕಾಗವಾಡ, ರಾಯಬಾಗದ ಎರಿ ಹೊಲಗಳ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಯಾರೂ ನೆಡದೆ ಬೆಳೆಯುತ್ತದೆ. ನಿಪ್ಪಾಣಿ, ಚಿಕ್ಕೋಡಿ ಕಡೆಯ ಮರಾಠಿ ಮಾತಿನಲ್ಲಿ ಇದೇ ಬಾಭೂಳ.

ಹೂವನ್ನು ಹತ್ತಿರದಿಂದ ನೋಡಬೇಕು. ಹಳದಿ ಗುಂಡಿನಂತೆ ಕಾಣುವುದು ಒಂದು ಹೂವಲ್ಲ, ಹತ್ತಾರು ಪುಟ್ಟ ಹೂಗಳ ಮುದ್ದೆ. ಕಣ್ಣು ಸೆಳೆಯುವ ಬಣ್ಣ ಎಸಳಿನದಲ್ಲ, ಕೇಸರಗಳದು. ಕಾಯಿ ಬೂದು ಬಣ್ಣದ್ದು. ಬೀಜ ಬೀಜದ ನಡುವೆ ಹಿಸುಕಿದಂತಿದ್ದು ಮಣಿಸರದಂತೆ ಜೋತಾಡುತ್ತದೆ. ಆಡುಗಳಿಗೆ ಬಲು ಇಷ್ಟ.

ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಮರವನ್ನು ಮೈಮೋಸ ನಿಲೋಟಿಕ ಎಂದು ಕರೆದ. ಮುಂದೆ ಅದು ಅಕೇಶಿಯ ಕುಲಕ್ಕೆ ಬಂತು. ಅಕೇಶಿಯ ಎಂಬುದು ಪ್ರಾಚೀನ ಗ್ರೀಕರು ಈಜಿಪ್ಟಿನ ಇದೇ ಮುಳ್ಳುಮರಕ್ಕೆ ಇಟ್ಟಿದ್ದ ಹೆಸರಿನಿಂದ ಹುಟ್ಟಿದ್ದು. ಕುಲದ ಮಾದರಿ ಪ್ರಭೇದವೂ ಇದೇ ಆಗಿತ್ತು. ಆದರೆ ಆ ದೊಡ್ಡ ಕುಲವನ್ನು ಒಡೆಯಬೇಕಾಗಿ ಬಂದಾಗ, ಆಸ್ಟ್ರೇಲಿಯದ ಸುಮಾರು ಸಾವಿರ ಪ್ರಭೇದಗಳ ಹೆಸರು ಬದಲಾಗದಿರಲೆಂದು, 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನ ಅಕೇಶಿಯ ಎಂಬ ಹೆಸರನ್ನು ಅವುಗಳಿಗೇ ಬಿಟ್ಟುಕೊಟ್ಟಿತು. 2011ರಲ್ಲಿ ಮೆಲ್ಬರ್ನ್ ಸಮ್ಮೇಳನ ಅದನ್ನು ಎತ್ತಿಹಿಡಿಯಿತು. ಅನುಕೂಲದ ತೀರ್ಮಾನ ಹೌದು, ನ್ಯಾಯದ್ದೆನ್ನುವುದು ಕಷ್ಟ. ಜಾಲಿಯ ಪಾಲಿಗೆ ಬಂದ ವ್ಯಾಚೆಲ್ಲಿಯ, ದಕ್ಷಿಣ ಭಾರತದ ಸಸ್ಯಗಳನ್ನು ದಾಖಲಿಸಿದ ರಾಬರ್ಟ್ ವೈಟ್ ಮತ್ತು ಅವನ ಜೊತೆಗಾರ ಆರ್ನಟ್ 1834ರಲ್ಲಿ ಕಟ್ಟಿದ ಕುಲ.

ಈ ಸೀಮೆಯ ಸಮಗಾರರಿಗೆ ಇದು ತೊಗಟೆಯ ಮರ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ಎಮ್ಮೆ ತೊಗಲನ್ನು ಚೀಲದಂತೆ ಹೊಲಿದು, ಒಳಗೆ ಕುಟ್ಟಿದ ಜಾಲಿ ಚಕ್ಕೆ ಮತ್ತು ನೀರು ತುಂಬಿ ತೂಗುಹಾಕುತ್ತಾರೆ. ಜಿನುಗಿ ಕೆಳಗಿಳಿದ ಒಗರು ನೀರನ್ನು ಮತ್ತೆ ಮೇಲಿನಿಂದ ಸುರಿಯುತ್ತಾರೆ. ತೊಗಟೆಯ ಟ್ಯಾನಿನ್ ಹಸಿ ತೊಗಲನ್ನು ಕೊಳೆಯದ ಚರ್ಮವಾಗಿಸುತ್ತದೆ. ಜೊತೆಗೆ ಅಳಲೆಕಾಯಿಯೂ ಬೇಕು. ಅಥಣಿ, ನಿಪ್ಪಾಣಿಗಳಲ್ಲಿ ಹೊಲಿಯುವ ಕೊಲ್ಹಾಪುರಿ ಚಪ್ಪಲಿಯ ಗಟ್ಟಿತನ ಈ ಹದದಿಂದಲೇ ಬಂದದ್ದು. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಿಕೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಸಲ್ಲುತ್ತದೆ.

ಕುಂಟಿ, ಚಕ್ಕಡಿಗಳಿಗೂ ಜಾಲಿಯ ಕಟ್ಟಿಗೆಯೇ ಆಗುತ್ತಿತ್ತು.

ಅಮೆರಿಕ ಖಂಡದಿಂದ ಬಂದು ಎಲ್ಲೆಡೆ ಹಬ್ಬಿದ ಬಳ್ಳಾರಿ ಜಾಲಿ ಬೇರೆಯೇ ಕುಲದ್ದು. ಅದರ ಹೂವು ಗುಂಡಲ್ಲ, ಉದ್ದನೆಯ ತೆನೆ. ಬದು ಹಸನು ಮಾಡುವವರು ಮೊದಲು ಕಾಯಿ ನೋಡಲಿ. ಮಣಿಸರದಂತಿದ್ದರೆ ಕೊಡಲಿ ಎತ್ತದಿರಲಿ.