ಹೆಸರು ಅವಳದು, ಭತ್ತ ಯಾರದು?

ಆಫ್ರಿಕಾದ ಪಶ್ಚಿಮ ಅಂಚಿನಲ್ಲಿ ಗ್ಯಾಂಬಿಯಾ ಎಂಬ ಪುಟ್ಟ ದೇಶವಿದೆ. ಅದೇ ಹೆಸರಿನ ನದಿಯ ಎರಡು ದಂಡೆಗಳೇ ಹೆಚ್ಚುಕಡಿಮೆ ಆ ದೇಶ. ನಾನು ಅಲ್ಲಿಗೆ ಹೋದವಳಲ್ಲ, ಓದಿ ತಿಳಿದವಳು. ಆದರೂ ‘ಮಹಿಳಾ ಅಭಿವೃದ್ಧಿ’ ಎಂಬ ಮಾತು ಎಲ್ಲಿ ಕಿವಿಗೆ ಬಿದ್ದರೂ ನನಗೆ ಮೊದಲು ನೆನಪಾಗುವುದು ಆ ನದೀತೀರದ ಭತ್ತದ ಗದ್ದೆಗಳು.

ಅಲ್ಲಿನ ಮಾಂಡಿಂಕ ಜನರಲ್ಲಿ ಬಹುಕಾಲದಿಂದ ಭತ್ತ ಹೆಂಗಸರ ಬೆಳೆ. ಎತ್ತರದ ನೆಲದಲ್ಲಿ ಗಂಡಸರು ಸಜ್ಜೆ, ಜೋಳ, ಕಡಲೆಕಾಯಿ ಬೆಳೆದರೆ, ತಗ್ಗಿನ ಜವುಗಿನಲ್ಲಿ ಹೆಂಗಸರು ಭತ್ತ ಬೆಳೆಯುತ್ತಿದ್ದರು. ಅವರ ಭಾಷೆಯಲ್ಲಿ ಹೊಲಗದ್ದೆಗೆ ಎರಡು ಹೆಸರು. ಮನೆಮಂದಿಗೆಲ್ಲ ಸೇರಿದ್ದು ‘ಮರುಒ’, ದುಡಿದವರ ಸ್ವಂತದ್ದು ‘ಕಮನ್ಯಾಂಗೊ’. ಮೊದಲನೆಯದರ ಫಸಲಿನ ಮೇಲೆ ಮನೆಯ ಯಜಮಾನನ ಅಧಿಕಾರ. ಎರಡನೆಯದರ ಫಸಲು ಬೆಳೆದವರಿಗೇ. ತಾನೇ ಜವುಗು ಕಡಿದು ಹದಮಾಡಿದ ಗದ್ದೆಯನ್ನು ತಾಯಿ ಮಗಳಿಗೆ ಬಿಟ್ಟುಹೋಗಬಹುದಿತ್ತು.

ಇದನ್ನು ಓದುವಾಗ ನಮ್ಮಮ್ಮನ ಸಾಸಿವೆ ಡಬ್ಬಿ ನೆನಪಾಗದೆ ಇರಲಿಲ್ಲ. ಕೊಟ್ಟಿಗೆಯ ಹಾಲು ಮನೆಗೆ; ಮಿಕ್ಕಿದ್ದನ್ನು ಹೆಪ್ಪುಹಾಕಿ, ಬೆಣ್ಣೆ ತೆಗೆದು, ತುಪ್ಪ ಕಾಸಿ ಮಾರಿದ ನಾಲ್ಕು ಕಾಸು ಆ ಡಬ್ಬಿಗೆ. ಅದಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಮನೆಯಲ್ಲಿ ಹೆಂಗಸಿನ ಮಾತಿಗೆ ತೂಕ ಬರುವುದು ಅಂಥ ಸಣ್ಣ ಗಂಟಿನಿಂದಲೇ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

1966ರಿಂದ ಗ್ಯಾಂಬಿಯಾಕ್ಕೆ ಹೊರಗಿನ ನೆರವು ಬರತೊಡಗಿತು. ಮೊದಲು ತೈವಾನ್, ಆಮೇಲೆ ವಿಶ್ವಬ್ಯಾಂಕ್, ನಂತರ ಚೀನಾ. ನೀರಾವರಿ ಮಾಡಿ ಭತ್ತದ ಇಳುವರಿ ಹೆಚ್ಚಿಸುವುದು ಎಲ್ಲರ ಉದ್ದೇಶ. ಆದರೆ ಬಂದ ತಜ್ಞರಿಗೆ ‘ರೈತ’ ಎಂದರೆ ಗಂಡಸು. ತರಬೇತಿ, ಸಾಲ, ಗೊಬ್ಬರ, ಹೊಸ ಗದ್ದೆ ಎಲ್ಲವೂ ಗಂಡಸರ ಕೈಗೆ ಹೋದವು. ಬಿತ್ತುವುದರಿಂದ ಹಿಡಿದು ಕುಟ್ಟುವವರೆಗೆ ಭತ್ತದ ಗುಟ್ಟು ಬಲ್ಲವರು ಬದುವಿನ ಮೇಲೆ ನಿಂತು ನೋಡಬೇಕಾಯಿತು.

ಈ ಕುರುಡುತನ ಒಂದು ದೇಶದ್ದಲ್ಲ. 1957ರಿಂದ 1960ರವರೆಗೆ ಭಾರತದಲ್ಲಿದ್ದು ಕೆಲಸ ಮಾಡಿದ್ದ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೊಸೆರಪ್ 1970ರಲ್ಲಿ ಒಂದು ಪುಸ್ತಕ ಬರೆದರು. ಹೊಸ ಉಪಕರಣ, ಹೊಸ ವಿದ್ಯೆ ಗಂಡಸರಿಗಷ್ಟೇ ದಕ್ಕಿದರೆ ಅಭಿವೃದ್ಧಿಯೇ ಹೆಂಗಸರನ್ನು ಹಿಂದಕ್ಕೆ ತಳ್ಳುತ್ತದೆ ಎಂದು ಅವರು ತೋರಿಸಿಕೊಟ್ಟರು. ಅದರ ಬಿಸಿ ತಟ್ಟಿತು. 1973ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಕಾನೂನಿಗೆ ತಿದ್ದುಪಡಿ ತಂದು, ಅಭಿವೃದ್ಧಿಯಲ್ಲಿ ಹೆಂಗಸರನ್ನೂ ಸೇರಿಸಬೇಕೆಂದಿತು. 1975ರಲ್ಲಿ ಮೆಕ್ಸಿಕೊ ನಗರದಲ್ಲಿ ವಿಶ್ವಸಂಸ್ಥೆಯ ಮೊದಲ ಮಹಿಳಾ ಸಮ್ಮೇಳನ ನಡೆಯಿತು. ಮರುವರ್ಷದಿಂದ ಮಹಿಳಾ ದಶಕ ಆರಂಭವಾಯಿತು.

ಆ ದಶಕದ ಕೊನೆಗೆ, 1984ರಲ್ಲಿ, ಗ್ಯಾಂಬಿಯಾದ ಜಹಾಲಿ–ಪಚಾರ್ ಎಂಬಲ್ಲಿ ಸುಮಾರು 1,500 ಹೆಕ್ಟೇರಿನ ದೊಡ್ಡ ಯೋಜನೆ ಶುರುವಾಯಿತು. ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯೂ ಸೇರಿ ಹಲವರ ಹಣ. ಹಳೆಯ ತಪ್ಪು ಮತ್ತೆ ಆಗಬಾರದೆಂದು ಈ ಸಲ ಗದ್ದೆಗಳು ಹೆಂಗಸರಿಗೇ ಎಂಬ ಆಶಯ. ಹೆಂಗಸರೂ ಸುಮ್ಮನೆ ಕೂರಲಿಲ್ಲ, ಪಟ್ಟುಹಿಡಿದರು. ಗದ್ದೆಗಳು ಅವರ ಹೆಸರಿಗೆ ದಾಖಲಾದವು.

ಆದರೆ ಆದದ್ದೇನು? ಕಾಗದದಲ್ಲಿ ಹೆಸರು ಹೆಂಡತಿಯದು, ಮನೆಯಲ್ಲಿ ಆ ಗದ್ದೆಗೆ ಕರೆದದ್ದು ‘ಮರುಒ’ ಎಂದು. ಒಂದೇ ಒಂದು ಪದ! ಹಾಗೆ ಕರೆದ ಕೂಡಲೇ ಫಸಲು ಯಜಮಾನನದಾಯಿತು, ದುಡಿಮೆ ಮಾತ್ರ ಅವಳದೇ ಉಳಿಯಿತು. ಮೊದಲು ಮಳೆಗಾಲದ ಒಂದು ಬೆಳೆಯಿದ್ದಲ್ಲಿ ಈಗ ವರ್ಷಕ್ಕೆ ಎರಡು; ನಾಟಿ, ಕಳೆ, ಕೊಯ್ಲು ಎಲ್ಲ ಎರಡೆರಡು ಸಲ. ಅವಳ ಕಮನ್ಯಾಂಗೊಗೆ ನೆಲವೂ ಇಲ್ಲ, ಪುರುಸೊತ್ತೂ ಇಲ್ಲ. ಕೆಲವರು ಜಗಳ ಮಾಡಿ ಫಸಲಿನಲ್ಲಿ ಒಂದು ಪಾಲು ಪಡೆದರು. ಇನ್ನು ಕೆಲವರು ಮನೆಯ ಗದ್ದೆಗೆ ಇಳಿಯಲೊಲ್ಲದೆ ಗುಂಪುಕಟ್ಟಿಕೊಂಡು ಬೇರೆಯವರ ಗದ್ದೆಗೆ ಕೂಲಿಗೆ ಹೋದರು. ಕೂಲಿಯ ದುಡ್ಡಾದರೂ ತಮ್ಮ ಸೆರಗಿನಲ್ಲಿ ಇರುತ್ತದಲ್ಲ!

ಅದೇ 1984ರಲ್ಲಿ ನಮ್ಮ ಬೆಂಗಳೂರಿನಲ್ಲೂ ಇದೇ ವಿಚಾರದ ಮಾತುಕತೆ ನಡೆಯಿತೆಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರ ಕರೆಗೆ ಬಡದೇಶಗಳ ವಿದುಷಿಯರು ಅಲ್ಲಿ ಸೇರಿದ್ದರು. ಅಲ್ಲಿ ‘ಡಾನ್’ ಎಂಬ ಸಂಘಟನೆ ಹುಟ್ಟಿತು. ಮರುವರ್ಷ ನೈರೋಬಿಯ ಸಮ್ಮೇಳನಕ್ಕೆ ತನ್ನ ವಾದ ಕೊಂಡೊಯ್ದಿತು. ಹೆಂಗಸರು ಅಭಿವೃದ್ಧಿಯ ಹೊರಗೆ ನಿಂತಿಲ್ಲ, ಅದರ ಭಾರ ಹೊತ್ತು ಒಳಗೇ ಇದ್ದಾರೆ. ಎಂಥ ಅಭಿವೃದ್ಧಿಗೆ ಅವರನ್ನು ಸೇರಿಸುತ್ತೀರಿ ಎಂಬುದನ್ನು ಮೊದಲು ಹೇಳಿ ಎಂಬುದು ಅವರ ಮಾತಿನ ಸಾರ. ಜಹಾಲಿಯ ಹೆಂಗಸರಿಗೆ ಈ ವಾದವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

1995ರ ಬೀಜಿಂಗ್ ಸಮ್ಮೇಳನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಾವುದೇ ಯೋಜನೆ ನಿರ್ಧಾರವಾಗುವ ಮೊದಲೇ ಅದರಿಂದ ಹೆಣ್ಣಿಗೇನು, ಗಂಡಿಗೇನು ಎಂದು ವಿಚಾರಿಸಬೇಕು ಎಂದಿತು. ಒಳ್ಳೆಯ ಮಾತೇ. ಆದರೆ ಈ ಇತಿಹಾಸ ಓದಿದ ಮೇಲೆ ನನಗೆ ಅನಿಸುವುದಿಷ್ಟು: ವಿಚಾರಣೆ ಕಚೇರಿಯ ನಮೂನೆಯಲ್ಲಿ ಮುಗಿಯಬಾರದು, ಮನೆಯ ಹೊಸ್ತಿಲು ದಾಟಿ ಒಳಗೆ ಬರಬೇಕು. ಪತ್ರದಲ್ಲಿ ಯಾರ ಹೆಸರಿದೆ ಎನ್ನುವುದು ಮೊದಲ ಪ್ರಶ್ನೆ ಅಷ್ಟೆ. ಹೆಚ್ಚಿದ ಕೆಲಸ ಯಾರ ಬೆನ್ನಿಗೆ? ಅದಕ್ಕೆ ಬೇಕಾದ ಹೊತ್ತು ಯಾರ ನಿದ್ದೆಯಿಂದ ಕಡಿತವಾಗುತ್ತದೆ? ಮಾರಿ ಬಂದ ದುಡ್ಡು ಯಾರ ಕೈಗೆ? ಇವನ್ನು ಕೇಳದೆ ಬರೆದ ಹೆಸರು ಮದುವೆ ಪಾತ್ರೆಯ ಮೇಲೆ ಕೊರೆಸಿದ ಹೆಸರಿನಂತೆ. ಅಕ್ಷರ ಅವಳದಾಗಿರುತ್ತದೆ, ಅಡವಿಡುವಾಗ ಅವಳನ್ನು ಯಾರೂ ಕೇಳುವುದಿಲ್ಲ.