ದೊಡ್ಡ ಮೀನಿನ ಹೊಟ್ಟೆಯಲ್ಲಿ ಏನಿದೆ?

ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎಂಬ ಮಾತನ್ನು ನಾವು ಯಾರ ಬಗ್ಗೆ ಆಡುತ್ತೇವೆ? ಸದಾ ಬೇರೆಯವರ ಬಗ್ಗೆ. ನಮ್ಮಲ್ಲಿ ಮತ್ಸ್ಯನ್ಯಾಯವೆನಿಸಿಕೊಂಡ ಈ ಮಾತು ಯುರೋಪಿನಲ್ಲೂ ಹಳೆಯ ಗಾದೆಯೇ. ಆ ಗಾದೆಯ ಹಿಂದೆ ಭಯದ ಒಂದು ಚರಿತ್ರೆಯೂ ಇದೆ.

15ನೇ ಶತಮಾನದ ಕೊನೆಗೆ ಯುರೋಪಿನ ಅನೇಕರನ್ನು ಲೋಕಾಂತ್ಯದ ಅಂಜಿಕೆ ಕಾಡುತ್ತಿತ್ತು. ಜರ್ಮನಿಯ ಡ್ಯೂರರ್ 1498ರಲ್ಲಿ ಬೈಬಲಿನ ಪ್ರಕಟನೆ ಗ್ರಂಥದ ದೃಶ್ಯಗಳನ್ನು ಮರದಚ್ಚಿನ ಚಿತ್ರಗಳಾಗಿ ಹೊರತಂದ. ಅವುಗಳಲ್ಲಿ ಏಳು ತಲೆಯ ಮೃಗವಿದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನೆದರ್‌ಲ್ಯಾಂಡ್ಸ್‌ನ ಬಾಷ್ ಬರೆದ ಮೂರು ಹಲಗೆಗಳ ವರ್ಣಚಿತ್ರವೊಂದು ಇಂದು ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿದೆ. ಅದರ ನಡುವಿನ ಹಲಗೆಯಲ್ಲಿ ಜನ ಆಳೆತ್ತರದ ಹಣ್ಣುಗಳಿಗೆ ಮುಗಿಬಿದ್ದಿದ್ದಾರೆ. ಬಲಗಡೆಯ ನರಕದಲ್ಲಿ ಹಕ್ಕಿತಲೆಯ ರಾಕ್ಷಸನೊಬ್ಬ ಕುರ್ಚಿಯಲ್ಲಿ ಕುಳಿತು ಮನುಷ್ಯರನ್ನು ನುಂಗಿ ಕೆಳಗಿನ ಗುಂಡಿಗೆ ವಿಸರ್ಜಿಸುತ್ತಿದ್ದಾನೆ. ತಿಂದವರೇ ಇಲ್ಲಿ ತಿನಿಸು.

ಬಾಷ್ 1516ರಲ್ಲಿ ತೀರಿಕೊಂಡ. ನಲ್ವತ್ತು ವರ್ಷಗಳ ನಂತರ, 1556ರಲ್ಲಿ, ಪೀಟರ್ ಬ್ರೂಗೆಲ್ ಆ ಮೀನಿನ ಗಾದೆಯನ್ನು ರೇಖಾಚಿತ್ರವಾಗಿಸಿದ. ದಡಕ್ಕೆ ಬಿದ್ದ ದೈತ್ಯ ಮೀನಿನ ಬಾಯಿಂದಲೂ ಸೀಳಿದ ಹೊಟ್ಟೆಯಿಂದಲೂ ಮೀನುಗಳು ಸುರಿಯುತ್ತಿವೆ. ಅವುಗಳ ಬಾಯಲ್ಲಿ ಮತ್ತೆ ಮೀನುಗಳು. ಕಾಲು ಮೂಡಿದ ಮೀನೊಂದು ಬೇಟೆಯನ್ನು ಕಚ್ಚಿಕೊಂಡು ನಡೆದೇ ಹೋಗುತ್ತಿದೆ. ಹೊಟ್ಟೆ ಸೀಳುವ ಭಾರೀ ಚೂರಿಯ ಮೇಲೆ ಭೂಗೋಳದ ಗುರುತಿದೆ.

ಈ ಚಿತ್ರ 1557ರಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದದ್ದು ಆಂಟ್‌ವರ್ಪ್‌ನಲ್ಲಿ. ಭಾರತದ ಪಶ್ಚಿಮ ಕರಾವಳಿಯಿಂದ ಪೋರ್ಚುಗೀಸರು ಒಯ್ದ ಕರಿಮೆಣಸಿಗೂ ಆ ಶತಮಾನದ ಮೊದಲರ್ಧದಲ್ಲಿ ಅದೇ ದೊಡ್ಡ ಸಂತೆಯಾಗಿತ್ತು. ಪ್ರಕಾಶಕ ಹೀರೋನಿಮಸ್ ಕಾಕ್ ಚಿತ್ರದ ಮೇಲೆ ಬ್ರೂಗೆಲ್‌ನ ಹೆಸರು ಹಾಕಲಿಲ್ಲ, ಎಂದೋ ಸತ್ತ ಬಾಷ್‌ನ ಹೆಸರು ಹಾಕಿದ. ರಾಕ್ಷಸರ ಚಿತ್ರಕ್ಕೆ ಆ ಹೆಸರಿದ್ದರೆ ಗಿರಾಕಿಗಳು ಹೆಚ್ಚು! ದುರಾಸೆಯನ್ನು ಖಂಡಿಸುವ ಚಿತ್ರವೂ ಹೀಗೆ ಪೇಟೆಯ ಸರಕಾಯಿತು.

ಹಾಗಾದರೆ ಇಂತಹ ಕಲೆಯಿಂದ ಪ್ರಯೋಜನವೇನು? ಉತ್ತರ ಚಿತ್ರದ ಕೆಳತುದಿಯ ದೋಣಿಯಲ್ಲಿದೆ. ತಂದೆ ಮಗನಿಗೆ ಆ ದೈತ್ಯ ಮೀನನ್ನು ತೋರಿಸುತ್ತಿದ್ದಾನೆ. ಮಗ ಬೆರಳು ಮಾಡಿರುವುದು ತಮ್ಮದೇ ದೋಣಿಯಲ್ಲಿ ಕುಳಿತವನತ್ತ. ಆತ ಒಂದು ಮೀನಿನ ಹೊಟ್ಟೆಯಿಂದ ಇನ್ನೊಂದು ಪುಟ್ಟ ಮೀನನ್ನು ಎಳೆಯುತ್ತಿದ್ದಾನೆ.

ಕೊಳ್ಳುಬಾಕ ಸಂಸ್ಕೃತಿಯನ್ನು ನಾವೆಲ್ಲ ಬೈಯುತ್ತೇವೆ. ಕಾಡು ಬರಿದಾಯಿತು, ಕೆರೆ ಬತ್ತಿತು, ಪ್ರಳಯವೇ ಬಂತು ಎನ್ನುತ್ತೇವೆ. ದೂರದ ರಾಕ್ಷಸನನ್ನು ತೋರಿಸುವುದು ಸುಲಭ. ಆ ಹುಡುಗ ಮಾತ್ರ ತನ್ನ ದೋಣಿಯೊಳಗೆ ನೋಡಿದ.