ರಾಜನೋ, ದರೋಡೆಕೋರನೋ? ನಮ್ಮ ಚನ್ನಗಿರಿಯ ಧೋಂಡಿಯಾ ವಾಘ್

ತೈವಾನ್‌ಗೆ ಜನ ಇದ್ದಾರೆ, ಸೈನ್ಯ ಇದೆ, ಚುನಾವಣೆಯೂ ನಡೆಯುತ್ತದೆ. ಆದರೂ ಭಾರತವೂ ಸೇರಿ ಹೆಚ್ಚಿನ ದೇಶಗಳು ಅದನ್ನು ದೇಶ ಎಂದು ಒಪ್ಪಿಲ್ಲ. ವಿದ್ವಾಂಸರು ಇಂಥವನ್ನು 'ಮಾನ್ಯತೆ ಇಲ್ಲದ ರಾಜ್ಯ' ಎನ್ನುತ್ತಾರೆ. ಇಂಥದ್ದೊಂದು ರಾಜ್ಯ ಕಟ್ಟಲು ಹೊರಟವನು ಕೆರೆಬಿಳಚಿಯವರು ತಾಲ್ಲೂಕು ಕಚೇರಿಗೆ ಹೋಗುವ ಚನ್ನಗಿರಿಯಲ್ಲೇ ಹುಟ್ಟಿದ್ದ. ಅವನೇ ಧೋಂಡಿಯಾ ವಾಘ್.

ಮರಾಠಾ ಮನೆತನದ ಧೋಂಡಿಯಾ ಹೈದರಾಲಿಯ ಸೈನ್ಯದಲ್ಲಿ ಕುದುರೆ ಸವಾರನಾಗಿದ್ದ. ಮುಂದೆ ಟಿಪ್ಪು ಅವನನ್ನು ಶ್ರೀರಂಗಪಟ್ಟಣದಲ್ಲಿ ಸೆರೆಗೆ ಹಾಕಿದ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ, ಧೋಂಡಿಯಾ ಹೊರಬಂದ. ಕೆಲಸ ಕಳೆದುಕೊಂಡ ಟಿಪ್ಪುವಿನ ಸೈನಿಕರು ಅವನ ಜೊತೆ ಸೇರಿದರು. ಬಿದನೂರು, ಶಿಕಾರಿಪುರದ ಕಡೆ ಕೋಟೆಗಳನ್ನು ಹಿಡಿದ. 'ಉಭಯ ಲೋಕಾಧೀಶ್ವರ' ಎಂದು ಬಿರುದು ಇಟ್ಟುಕೊಂಡ.

ಅದೇ ವರ್ಷ ಜೂನ್ 30ರಂದು ಕಂಪನಿ ಸರ್ಕಾರ ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಗಾದಿಯ ಮೇಲೆ ಕೂರಿಸಿತು. ಒಡೆಯರದು ಹಳೆಯ ಅರಸು ಮನೆತನ, ಜೊತೆಗೆ ಕಂಪನಿಯೊಂದಿಗೆ ಒಪ್ಪಂದ. ಧೋಂಡಿಯಾನಿಗೆ ಎರಡೂ ಇರಲಿಲ್ಲ. ಸಿಕ್ಕರೆ ಮೊದಲು ಕಂಡ ಮರಕ್ಕೇ ನೇಣು ಹಾಕಿ ಎಂದು ಆರ್ಥರ್ ವೆಲ್ಲೆಸ್ಲಿಗೆ ಆದೇಶ ಬಂತು.

1799ರ ಆಗಸ್ಟ್‌ನಲ್ಲಿ ಕಂಪನಿ ಸೈನ್ಯ ಅಟ್ಟಿಸಿಕೊಂಡು ಬಂದಾಗ ಧೋಂಡಿಯಾ ಗಡಿ ದಾಟಿ ಪೇಶ್ವೆಯ ಸೀಮೆ ಸೇರಿದ. ಸೈನ್ಯ ಅಲ್ಲೇ ನಿಂತಿತು. ಪೇಶ್ವೆ ಮಾನ್ಯ ದೊರೆ, ಅವನ ನೆಲಕ್ಕೆ ಕಾಲಿಡಲು ಪುಣೆಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಪಡೆದು ವೆಲ್ಲೆಸ್ಲಿ ತುಂಗಭದ್ರೆ ದಾಟಿದ್ದು 1800ರಲ್ಲಿ. ಆ ಸೆಪ್ಟೆಂಬರ್ 10ರಂದು ಕೋನಗಲ್ಲಿನ ಹತ್ತಿರ ಧೋಂಡಿಯಾ ಹೋರಾಡುತ್ತಲೇ ಸತ್ತ. ಅನಾಥನಾದ ಅವನ ಪುಟ್ಟ ಮಗ ಸಲಾಬತ್ ಖಾನನ ಪಾಲನೆಗೆ ವ್ಯವಸ್ಥೆ ಮಾಡಿದ್ದು ಅದೇ ವೆಲ್ಲೆಸ್ಲಿ.

ಧೋಂಡಿಯಾನ ದಂಡು ಊರುಗಳನ್ನು ಕೊಳ್ಳೆ ಹೊಡೆದದ್ದು ನಿಜ. ಆದರೆ 1791ರಲ್ಲಿ ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದದ್ದು ಪೇಶ್ವೆಯ ದಂಡಿನ ಕಡೆಯವರೇ. ಅದಕ್ಕಾಗಿ ಪೇಶ್ವೆಯನ್ನು ಯಾರೂ ದರೋಡೆಕೋರ ಎನ್ನಲಿಲ್ಲ. ವ್ಯತ್ಯಾಸ ಇದ್ದದ್ದು ಲೂಟಿಯಲ್ಲಲ್ಲ, ಮಾನ್ಯತೆಯಲ್ಲಿ.

1933ರ ಮಾಂಟೆವಿಡಿಯೊ ಒಪ್ಪಂದ ದೇಶಕ್ಕೆ ನಾಲ್ಕು ಲಕ್ಷಣ ಹೇಳಿತು: ಕಾಯಂ ಜನ, ಗೊತ್ತಾದ ನೆಲ, ಸರ್ಕಾರ, ಬೇರೆ ದೇಶಗಳೊಡನೆ ವ್ಯವಹರಿಸುವ ಶಕ್ತಿ. ಧೋಂಡಿಯಾನ ಕೈಯಲ್ಲಿ ನೆಲ ನಿಲ್ಲಲಿಲ್ಲ, ಅವನೊಡನೆ ಮಾತಿಗೆ ಕೂರಲು ಕಂಪನಿ ಒಪ್ಪಲಿಲ್ಲ. ಅವನನ್ನು ಹೊಗಳಬೇಕು ಎಂದು ನಾವು ಹೇಳುತ್ತಿಲ್ಲ. ಅವನಿಗೆ ಅಂಟಿದ 'ದರೋಡೆಕೋರ' ಎಂಬ ಹೆಸರು ಗೆದ್ದವರು ಬರೆದದ್ದು. ಅದನ್ನು ಓದುವಾಗ ಇಷ್ಟು ನೆನಪಿರಲಿ.